ನೆಟ್‌ನಲ್ಲಿ ಸಿಕ್ಕಿದ್ದನ್ನು ಪುಟಕ್ಕೆ ತರುವುದು ಹೇಗೆ

ಚಿತ್ರದುರ್ಗದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನು ನಡೆಸುತ್ತಿದ್ದೇನೆ. ಬೆಳಗ್ಗೆ ಶಟರ್ ಎತ್ತಿದರೆ ಆಧಾರ್, ಪಹಣಿ, ಮಾರ್ಕ್ಸ್ ಕಾರ್ಡ್, ಕಾಲೇಜು ಹುಡುಗರ ಪ್ರಾಜೆಕ್ಟ್ ಅಂತ ಕೈಗೆ ಬಿಡುವಿಲ್ಲ. ಮಧ್ಯಾಹ್ನ ಎರಡರಿಂದ ಮೂರೂವರೆವರೆಗೆ ಮಾತ್ರ ರಸ್ತೆ ಸ್ವಲ್ಪ ಖಾಲಿ. ನಮ್ಮೂರಿನ ಬಂಡೆಗಳು ಕಾದು ಝಳ ಹೊಡೆಯುವ ಹೊತ್ತು ಅದು, ಯಾರೂ ಹೊರಗೆ ಬರುವುದಿಲ್ಲ. ಆ ಒಂದೂವರೆ ಗಂಟೆ ನನ್ನ ಪುಸ್ತಕಕ್ಕೆ.

ಬರೀ ಬರೆಯುವ ಪುಸ್ತಕ ಅಲ್ಲ ಅದು. ಬಣ್ಣ ಇರುತ್ತದೆ, ಅಂಟಿಸಿದ ಚೀಟಿ ಇರುತ್ತದೆ, ಟೈಲರ್ ಅಕ್ಕ ಕೊಟ್ಟ ಬಟ್ಟೆ ಚೂರು, ಹೊಳಲ್ಕೆರೆಗೆ ಹೋಗಿಬಂದ ಬಸ್ ಟಿಕೆಟ್, ಜೊತೆಗೆ ಒಂದೆರಡು ಸಾಲು ಬರಹ. ಇದಕ್ಕೆ ಆರ್ಟ್ ಜರ್ನಲ್ ಅಂತ ಹೆಸರಿದೆ, ಪ್ರಪಂಚದ ತುಂಬ ಜನ ಇದನ್ನು ಮಾಡುತ್ತಾರೆ ಅನ್ನುವುದು ನನಗೆ ನೆಟ್ ನೋಡಿಯೇ ಗೊತ್ತಾಗಿದ್ದು. ಕಲಿತಿದ್ದೂ ಬಹುಪಾಲು ಅಲ್ಲಿಂದಲೇ. ಭಾನುವಾರ ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಇಳಿಸಿ ಐದಾರು ಜನ ಒಳಗೆ ಕೂರುತ್ತೇವೆ. ಪಕ್ಕದ ಟೈಲರ್ ಅಕ್ಕ, ರಿಟೈರ್ ಆದ ಡ್ರಾಯಿಂಗ್ ಮೇಷ್ಟ್ರು, ನರ್ಸ್ ಆಗಿರುವ ನನ್ನ ಗೆಳತಿ, ಅವಳ ಹೈಸ್ಕೂಲು ಮಗಳು. ವಾರದಲ್ಲಿ ಯಾರಿಗೆ ಏನು ಸಿಕ್ಕಿತು ಅಂತ ಹಂಚಿಕೊಳ್ಳುವುದೇ ಕೆಲಸ. ಹಾಗೆ ಹಂಚಿಕೊಂಡಿದ್ದರಲ್ಲಿ ಕೈಗೆ ಹತ್ತಿದ್ದನ್ನು, ಮತ್ತೆ ಮತ್ತೆ ಮಾಡುತ್ತಿರುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಒಂದೇ ನಿಯಮ. ನೋಡಿದ್ದನ್ನು ತರುವ ಹಾಗಿಲ್ಲ, ಮಾಡಿದ್ದನ್ನು ತರಬೇಕು. ಮೊದಲು ಹಾಗಿರಲಿಲ್ಲ. ಎಲ್ಲರೂ ಮೊಬೈಲ್ ಹಿಡಿದು ವಿಡಿಯೊ ತೋರಿಸುತ್ತಿದ್ದೆವು. ‘ಎಷ್ಟು ಚೆನ್ನಾಗಿದೆ ಅಲ್ವಾ’ ಅನ್ನುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಸಂಜೆ ಎದ್ದು ಹೋಗುವಾಗ ಯಾರ ಕೈಯಲ್ಲೂ ಏನೂ ಇರುತ್ತಿರಲಿಲ್ಲ. ಒಂದು ದಿನ ಮೇಷ್ಟ್ರು, ‘ಸೇವ್ ಮಾಡಿಟ್ಟುಕೊಂಡ್ರೆ ವಿದ್ಯೆ ಬಂದ ಹಾಗಲ್ಲಮ್ಮ. ಒಂದ್ಸಲ ಮಾಡಿ ಕೆಡಿಸು, ಆಮೇಲೆ ನಮಗೆ ಹೇಳಿಕೊಡು’ ಅಂದರು. ಅವತ್ತಿನಿಂದ ಹಾಗೇ ನಡೆಯುತ್ತಿದೆ. ವಾರಕ್ಕೆ ಒಂದೇ ವಿಷಯ ಆರಿಸಿಕೊಳ್ಳಿ. ಏಳು ದಿನದಲ್ಲಿ ಮಾಡಿ ನೋಡಿ. ಮಾಡಲಾಗದಿದ್ದರೆ ಸೇವ್ ಮಾಡಿದ್ದನ್ನು ಅಳಿಸಿಬಿಡಿ. ನಿಮಗೆ ನಿಜವಾಗಿ ಬೇಕಾಗಿದ್ದರೆ ಅದು ಮತ್ತೆ ಎದುರಾಗುತ್ತದೆ.

ಹುಡುಕುವುದರಿಂದ ಶುರು ಮಾಡೋಣ. ನೆಟ್‌ನಲ್ಲಿ ಒಳ್ಳೆಯದು ಸಿಗಬೇಕಾದರೆ ಅದನ್ನು ಬೇರೆ ಊರಿನವರು ಏನಂತ ಕರೆಯುತ್ತಾರೆ ಅಂತ ಗೊತ್ತಿರಬೇಕು. ನನಗೆ ಇದು ಗೊತ್ತಾಗಿದ್ದು ಕಸೂತಿಯಿಂದ. ಉತ್ತರ ಕರ್ನಾಟಕದ ಈ ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರಗಿ, ನೇಗಿ, ಮೆಂತೆ. ಗವಂತಿ ಅಂದರೆ ಒಂದು ಸಲ ಬಿಟ್ಟು ಬಿಟ್ಟು ಹೊಲಿದು ಹೋಗಿ, ಅದೇ ದಾರಿಯಲ್ಲಿ ವಾಪಸ್ ಬಂದು ಖಾಲಿ ಬಿಟ್ಟ ಜಾಗ ತುಂಬುವುದು. ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಗವಂತಿ ಅಂತ ಹುಡುಕಿದರೆ ನನಗೆ ಸಿಕ್ಕಿದ್ದು ಕೆಲವೇ ಚಿತ್ರ. ಇದೇ ಹೊಲಿಗೆಗೆ ಯೂರೋಪಿನಲ್ಲಿ ‘ಹೋಲ್ಬೈನ್ ಸ್ಟಿಚ್’ ಅನ್ನುತ್ತಾರೆ ಅಂತ ಆಮೇಲೆ ತಿಳಿಯಿತು. 16ನೇ ಶತಮಾನದ ಹಾನ್ಸ್ ಹೋಲ್ಬೈನ್ ಅನ್ನುವ ಚಿತ್ರಕಾರ ಬರೆದ ಚಿತ್ರಗಳಲ್ಲಿ ಜನರ ಅಂಗಿಯ ಕಾಲರಿನಲ್ಲಿ, ತೋಳಿನ ತುದಿಯಲ್ಲಿ ಈ ಹೊಲಿಗೆ ಎದ್ದು ಕಾಣುತ್ತದೆ. ಅದಕ್ಕೇ ಅವನ ಹೆಸರು ಬಂತು. ಆ ಹೆಸರು ಹಾಕಿ ಹುಡುಕಿದ ದಿನ ನನಗೆ ಸೂಜಿ ಎಲ್ಲಿ ಇಳಿಯಬೇಕು, ಎಲ್ಲಿ ಏಳಬೇಕು ಅಂತ ಬಾಣ ಹಾಕಿ ತೋರಿಸಿದ ನಕ್ಷೆಗಳು ರಾಶಿ ಬಿದ್ದವು. ಅಮ್ಮ ಬಾಯಲ್ಲಿ ಹೇಳಿ ನನಗೆ ಅರ್ಥವಾಗದೇ ಉಳಿದಿದ್ದ ಒಂದು ಮೂಲೆಯ ತಿರುವು ಹತ್ತು ನಿಮಿಷದಲ್ಲಿ ಕೈಗೆ ಬಂತು.

ಕೌದಿಯೂ ಹಾಗೇ. ನಮ್ಮ ಕೌದಿಯ ಸಾದಾ ಹೊಲಿಗೆಯನ್ನು ಜಪಾನಿನಲ್ಲಿ ‘ಸಾಶಿಕೊ’ ಅಂತ, ಬಂಗಾಳದಲ್ಲಿ ‘ಕಾಂತಾ’ ಅಂತ ಹುಡುಕಿ. ಸಾಶಿಕೊದವರು ಮೇಲೆ ಕಾಣುವ ಹೊಲಿಗೆ ಅಕ್ಕಿಕಾಳಿನ ಹಾಗಿರಬೇಕು ಅನ್ನುತ್ತಾರೆ. ಕಾಳು ಸ್ವಲ್ಪ ಉದ್ದ, ನಡುವಿನ ಖಾಲಿ ಅದಕ್ಕಿಂತ ಚಿಕ್ಕದು. ಈ ಮಾತು ಟೈಲರ್ ಅಕ್ಕನಿಗೆ ಹೇಳಿದಾಗ ಅವರು ತಮ್ಮ ಅತ್ತೆಯ ಕೌದಿ ತಂದು ಬಿಡಿಸಿದರು. ಅದರಲ್ಲೂ ಅಕ್ಕಿಕಾಳೇ ಇತ್ತು. ದಾರದಲ್ಲಿ ಪುಸ್ತಕ ಹೊಲಿಯುವುದಕ್ಕೆ ‘ಪ್ಯಾಂಫ್ಲೆಟ್ ಸ್ಟಿಚ್’, ಒಂದೇ ಹಾಳೆಯಲ್ಲಿ ಪುಟ್ಟ ಪುಸ್ತಕ ಮಾಡುವುದಕ್ಕೆ ‘ಎಂಟು ಪುಟದ ಝೀನ್’, ಎಲೆ ಮೇಲೆ ಹಾಳೆ ಇಟ್ಟು ಬಳಪ ಉಜ್ಜುವುದಕ್ಕೆ ‘ಫ್ರೊಟಾಜ್’. ಇಂಥ ಹೆಸರು ಸಿಕ್ಕಾಗಲೆಲ್ಲ ಪುಸ್ತಕದ ಕೊನೆಯ ಪುಟದಲ್ಲಿ ನಮ್ಮ ಹೆಸರಿನ ಎದುರಿಗೆ ಬರೆದಿಡಿ. ನನ್ನ ಪುಸ್ತಕದಲ್ಲಿ ಜಾಸ್ತಿ ಸವೆದ ಪುಟ ಅದೇ.

ಹೆಸರು ಗೊತ್ತಿಲ್ಲದೇ ಬರೀ ಚಿತ್ರ ಮಾತ್ರ ಸಿಕ್ಕಿದ್ದರೆ, ಆ ಚಿತ್ರವನ್ನೇ ಗೂಗಲ್ ಲೆನ್ಸ್‌ಗೆ ಹಾಕಿ ಹುಡುಕಿ. ಎಷ್ಟೋ ಸಲ ಅದನ್ನು ಮೊದಲು ಮಾಡಿದವರು ಯಾರು ಅಂತ ಸಿಗುತ್ತದೆ. ಮಾಡಿದವರು ಸಿಕ್ಕರೆ ಹೇಗೆ ಮಾಡಿದರು ಅನ್ನುವುದೂ ಸಿಗುತ್ತದೆ. ಯಾರೋ ಎತ್ತಿ ಹಾಕಿದ ಅರ್ಧ ನಿಮಿಷದ ತುಂಡಿನಲ್ಲಿ ಅಂಟು ಒಣಗುವ ಹೊತ್ತು ಇರುವುದಿಲ್ಲ, ಅದೇ ಮುಖ್ಯ ಅಲ್ವಾ.

ಇನ್ನು ಅಂಟಿಸುವುದಕ್ಕೆ ಚಿತ್ರಗಳು. ಕಂಡ ಚಿತ್ರವನ್ನೆಲ್ಲ ಪ್ರಿಂಟ್ ಹಾಕಿಕೊಳ್ಳುವುದು ಸರಿಯಲ್ಲ. ಬರೆದವರಿಗೆ ಅದು ಅನ್ನ. ಆದರೆ ಯಾರು ಬೇಕಾದರೂ ಬಳಸಿಕೊಳ್ಳಿ ಅಂತ ತೆರೆದಿಟ್ಟ ದೊಡ್ಡ ಉಗ್ರಾಣಗಳೇ ಇವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರ ಫೆಬ್ರವರಿಯಲ್ಲಿ ಸುಮಾರು 3.75 ಲಕ್ಷ ಚಿತ್ರಗಳನ್ನು ಹೀಗೆ ಬಿಟ್ಟುಕೊಟ್ಟಿತು. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ 2020ರಲ್ಲಿ 28 ಲಕ್ಷ ಚಿತ್ರ ತೆರೆಯಿತು. ಅಲ್ಲಿ ಹುಡುಕುವಾಗ ‘ಓಪನ್ ಆಕ್ಸೆಸ್’ ಅಥವಾ ‘ಸಿಸಿ ಝೀರೊ’ ಅಂತ ಇದೆಯಾ ನೋಡಿ. ಇದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. ‘ಸಿಸಿ ಬಿವೈ’ ಅಂತಿದ್ದರೆ ಮಾಡಿದವರ ಹೆಸರು ಹಾಕಿ ಬಳಸಬೇಕು. ನಮ್ಮ ದೇಶದ ಕಾನೂನಿನಲ್ಲಿ ಚಿತ್ರಕಾರರು ತೀರಿಕೊಂಡು 60 ವರ್ಷ ಆದ ಮೇಲೆ ಅವರ ಚಿತ್ರ ಎಲ್ಲರದು. ರಾಜಾ ರವಿವರ್ಮ ತೀರಿಕೊಂಡಿದ್ದು 1906ರಲ್ಲಿ. ಹಾಗಾಗಿ ಅಜ್ಜಿ ಮನೆಯ ಗೋಡೆಯ ಮೇಲಿದ್ದ ಆ ಲಕ್ಷ್ಮಿ, ಸರಸ್ವತಿ ಚಿತ್ರಗಳನ್ನು ಪುಟಕ್ಕೆ ತರಲು ಅಡ್ಡಿಯಿಲ್ಲ.

ನನಗೆ ಎಲ್ಲಕ್ಕಿಂತ ಪ್ರೀತಿಯ ಜಾಗ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ. ಹಳೆಯ ಗಿಡ, ಹಕ್ಕಿ, ಹುಳದ ಪುಸ್ತಕಗಳನ್ನೆಲ್ಲ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. ಇಲ್ಲಿ ಹುಡುಕಬೇಕಾದರೆ ಗಿಡದ ಸಸ್ಯಶಾಸ್ತ್ರದ ಹೆಸರು ಬೇಕು. ಒಂದು ಉದಾಹರಣೆ ಕೊಡುತ್ತೇನೆ. ಮುತ್ತುಗ ನಮಗೆ ಹೊಸದಲ್ಲ, ಅದರ ಎಲೆಯಲ್ಲಿ ಊಟ ಮಾಡಿ ಬೆಳೆದವರು ನಾವು. ಫೆಬ್ರವರಿ, ಮಾರ್ಚ್ ಬಂತೆಂದರೆ ಎಲೆ ಉದುರಿ ಮರ ಪೂರ್ತಿ ಕೆಂಪಾಗಿ ನಿಲ್ಲುತ್ತದೆ. ಈಗಿನ ಹೆಸರು ‘ಬ್ಯುಟಿಯಾ ಮೊನೊಸ್ಪರ್ಮಾ’. ಹಳೆಯ ಪುಸ್ತಕಗಳಲ್ಲಿ ‘ಬ್ಯುಟಿಯಾ ಫ್ರಾಂಡೋಸಾ’. ಹಳೆಯ ಹೆಸರು ಹಾಕಿ ಹುಡುಕಿದಾಗ ವಿಲಿಯಂ ರಾಕ್ಸ್‌ಬರ್ಗ್ 1795ರಿಂದ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಕೋರಮಂಡಲ ತೀರದ ಗಿಡಗಳ ಪುಸ್ತಕ ಸಿಕ್ಕಿತು. ಚಿತ್ರ ಬರೆದವರು ಇಲ್ಲಿನ ಕಲಾವಿದರೇ. ಗಿಣಿಯ ಕೊಕ್ಕಿನ ಹಾಗೆ ಬಾಗಿದ ಆ ಹೂವು, ಮೂರು ಮೂರು ಎಲೆ, ಎಲ್ಲಾ ಹಾಗ್ಹಾಗೇ ಇದೆ. ಗಿಡದ ಹಳೆಯ ಹೆಸರನ್ನೂ ಹಾಕಿ ಹುಡುಕಿ ಅಂತ ನಾನು ಹೇಳುವುದು ಇದಕ್ಕೇ. ಇದಕ್ಕಿಂತಲೂ ಹಳೆಯದು ಬೇಕಿದ್ದರೆ ‘ಹಾರ್ಟಸ್ ಮಲಬಾರಿಕಸ್’ ತೆಗೆದು ನೋಡಿ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಬಂದ 12 ಸಂಪುಟ. ಗಿಡದ ಹೆಸರನ್ನು ಚಿತ್ರದ ಮೇಲೆಯೇ ಮಲಯಾಳ, ಅರಬ್ಬಿ, ನಾಗರಿ ಲಿಪಿಗಳಲ್ಲೂ ಕೊರೆದಿದ್ದಾರೆ. ಆ ಅಕ್ಷರಗಳನ್ನೇ ಕತ್ತರಿಸಿ ಅಂಟಿಸಿದರೂ ಒಂದು ಪುಟ ತುಂಬುತ್ತದೆ.

ಪ್ರಿಂಟ್ ಹಾಕಿಸುವವರಿಗೆ ಅಂಗಡಿಯವಳಾಗಿ ಎರಡು ಮಾತು. ಎ5 ಅಂದರೆ ಎ4 ಹಾಳೆಯ ಅರ್ಧ. ಆ ಅಳತೆಗೆ ಚಿತ್ರ ಸ್ಪಷ್ಟವಾಗಿ ಬರಬೇಕಾದರೆ ಸುಮಾರು 1750 ಅಗಲ, 2480 ಉದ್ದ ಪಿಕ್ಸೆಲ್ ಇರಬೇಕು. ಅದರ ಅರ್ಧ ಇದ್ದರೂ ಪರವಾಗಿಲ್ಲ, ಅದಕ್ಕಿಂತ ಇಳಿದರೆ ಚಿತ್ರ ಮಸುಕಾಗುತ್ತದೆ. ವಾಟ್ಸಾಪಿನಲ್ಲಿ ಅಂಗಡಿಗೆ ಕಳಿಸುವಾಗ ಫೋಟೊ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೊ ಅಂತ ಕಳಿಸಿದರೆ ಅದು ಕುಗ್ಗಿ ಬರುತ್ತದೆ. ದಿನಕ್ಕೆ ಹತ್ತು ಜನಕ್ಕೆ ಇದನ್ನು ಹೇಳುತ್ತೇನೆ.

ಪುಸ್ತಕವನ್ನು ಕೊಳ್ಳಬೇಡಿ, ಹೊಲಿಯಿರಿ. ಕೊಂಡ ಪುಸ್ತಕದ ಮೊದಲ ಪುಟಕ್ಕೆ ಬಣ್ಣ ಹಾಕಲು ಕೈ ಹೆದರುತ್ತದೆ. ನಾವೇ ಹೊಲಿದಿದ್ದಕ್ಕೆ ಹೆದರುವುದಿಲ್ಲ. ನಮ್ಮ ಅಂಗಡಿಯಲ್ಲಿ ಒಂದೇ ಕಡೆ ಅಚ್ಚಾದ ಹಾಳೆ ಎಷ್ಟೋ ಉಳಿಯುತ್ತವೆ, ಅವನ್ನೇ ಬಳಸುತ್ತೇನೆ. ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಯಾರದೇ ಆಧಾರ್, ಬ್ಯಾಂಕ್ ಪಾಸ್‌ಬುಕ್, ಆಸ್ಪತ್ರೆ ಚೀಟಿಯ ಕೆಟ್ಟ ಪ್ರತಿ ಇದ್ದರೆ ಅದು ಪುಸ್ತಕಕ್ಕೆ ಹೋಗಬಾರದು, ಹರಿದು ಹಾಕಬೇಕು. ನೀವು ಯಾವುದಾದರೂ ಅಂಗಡಿಯಿಂದ ರದ್ದಿ ತಂದರೂ ಒಂದೊಂದು ಹಾಳೆ ತಿರುಗಿಸಿ ನೋಡಿ.

ಸಾದಾ ಜೆರಾಕ್ಸ್ ಹಾಳೆ 70 ಅಥವಾ 75 ಜಿಎಸ್‌ಎಂ ಇರುತ್ತದೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂ ಲೆಕ್ಕದಲ್ಲಿ. ಹದಿನಾರು ಎ4 ಹಾಳೆ ಜೋಡಿಸಿದರೆ ಒಂದು ಚದರ ಮೀಟರ್ ಆಗುತ್ತದೆ. ಇದು ನೀರಿನ ಬಣ್ಣ ತಡೆಯುವುದಿಲ್ಲ, ಸುಕ್ಕಾಗುತ್ತದೆ. ಆದ್ದರಿಂದ ಎರಡು ಹಾಳೆ ಬೆನ್ನಿಗೆ ಬೆನ್ನು ಹಚ್ಚಿ ಅಂಟಿಸಿ ಒಂದು ಮಾಡಿಕೊಳ್ಳುತ್ತೇನೆ. ಅಚ್ಚಾದ ಕಡೆಯೂ ಒಳಗೆ ಅಡಗುತ್ತದೆ. ಒಣಗುವಾಗ ಮೇಲೆ ಭಾರ ಬೇಕೇ ಬೇಕು. 75 ಜಿಎಸ್‌ಎಂನ 500 ಹಾಳೆಯ ಒಂದು ರೀಮ್ ಸುಮಾರು 2.3 ಕೆಜಿ ಇರುತ್ತದೆ. ಎರಡು ರೀಮ್ ಇಟ್ಟರೆ ಬೆಳಗಾಗುವಷ್ಟರಲ್ಲಿ ಹಪ್ಪಳದ ಹಾಗೆ ನೆಟ್ಟಗೆ ಬರುತ್ತವೆ. ಮನೆಯಲ್ಲಾದರೆ ಅಕ್ಕಿ ಡಬ್ಬ ಇಡಿ. ನಮ್ಮೂರಿನ ಗಾಳಿಗೆ ಹಾಳೆಯನ್ನು ಸುಮ್ನೆ ಬಿಚ್ಚಿಟ್ಟು ಒಣಗಿಸಲು ಹೋಗಬೇಡಿ, ಬೀದಿ ಪಾಲಾಗುತ್ತದೆ.

ಈಗ ಹೊಲಿಗೆ. ಐದು ಹಾಳೆ ಒಂದರೊಳಗೊಂದು ಮಡಚಿ. ಇಪ್ಪತ್ತು ಪುಟ ಆಯಿತು. ರಟ್ಟಿಗೆ ಹಳೆಯ ಫೈಲ್ ಅಥವಾ ಮದುವೆ ಪತ್ರಿಕೆಯ ಗಟ್ಟಿ ಕಾಗದ ಸಾಕು. ಮಡಿಕೆಯ ಗೆರೆಯ ಮೇಲೆ ದಬ್ಬಣದಿಂದ ಮೂರು ತೂತು ಮಾಡಿ. ಒಂದು ಸರಿಯಾಗಿ ನಡುವೆ, ಉಳಿದ ಎರಡು ಮೇಲಿನ ಮತ್ತು ಕೆಳಗಿನ ಅಂಚಿನಿಂದ ಮೂರು ಬೆರಳು ಒಳಗೆ. ದಾರ ಪುಸ್ತಕದ ಎತ್ತರದ ಎರಡೂವರೆ ಪಟ್ಟು ಬೇಕು, ಎ5 ಪುಸ್ತಕಕ್ಕೆ ಸುಮಾರು 52 ಸೆಂಟಿಮೀಟರ್. ಗೋಣಿಚೀಲ ಹೊಲಿಯುವ ಹತ್ತಿಯ ದಾರ ಚೆನ್ನಾಗಿರುತ್ತದೆ. ಅದನ್ನು ಮೇಣದಬತ್ತಿಯ ಮೇಲೆ ಎರಡು ಮೂರು ಸಲ ಎಳೆಯಿರಿ. ಮೇಣ ಹತ್ತಿದರೆ ದಾರ ಜಾರುವುದಿಲ್ಲ, ಗಂಟು ನಿಲ್ಲುತ್ತದೆ.

ಸೂಜಿಯನ್ನು ಒಳಗಿನಿಂದ ನಡುವಿನ ತೂತಿಗೆ ಹಾಕಿ ಹೊರಗೆ ಎಳೆಯಿರಿ, ಒಳಗೆ ಒಂದು ಗೇಣು ದಾರ ಉಳಿಸಿ. ಹೊರಗಿನಿಂದ ಮೇಲಿನ ತೂತಿಗೆ ಹೋಗಿ ಒಳಗೆ ಬನ್ನಿ. ಒಳಗೆ ನಡುವಿನ ತೂತನ್ನು ಬಿಟ್ಟು ನೇರ ಕೆಳಗಿನ ತೂತಿಗೆ ಹೋಗಿ, ಹೊರಗೆ ಬನ್ನಿ. ಅಲ್ಲಿಂದ ವಾಪಸ್ ನಡುವಿನ ತೂತಿನಲ್ಲಿ ಒಳಗೆ ಬನ್ನಿ. ಈಗ ದಾರದ ಎರಡೂ ತುದಿ ನಡುವೆ ಇವೆ. ಮೇಲಿನಿಂದ ಕೆಳಕ್ಕೆ ಹಾದುಹೋದ ಉದ್ದದ ದಾರದ ಆ ಕಡೆ ಒಂದು, ಈ ಕಡೆ ಒಂದು ತುದಿ ಬರಬೇಕು. ಎಳೆದು ಅದರ ಮೇಲೆ ಎರಡು ಗಂಟು ಹಾಕಿ. ಎರಡೂ ತುದಿ ಒಂದೇ ಕಡೆ ಇದ್ದರೆ ಹೊಲಿಗೆ ಸಡಿಲಾಗುತ್ತದೆ. ನನ್ನ ಮೊದಲ ಎರಡು ಪುಸ್ತಕ ಹಾಗೇ ಬಿಚ್ಚಿಕೊಂಡವು. ದಾರ ಎಳೆಯುವಾಗ ಬೆನ್ನಿನ ಉದ್ದಕ್ಕೆ ಎಳೆಯಿರಿ. ಪುಟದ ಕಡೆಗೆ ಎಳೆದರೆ ತೂತು ಸೀಳುತ್ತದೆ.

ಇಷ್ಟೂ ಜಾಸ್ತಿ ಅನ್ನಿಸಿದರೆ ಝೀನ್‌ನಿಂದ ಶುರು ಮಾಡಿ. ಒಂದು ಎ4 ಹಾಳೆ, ಒಂದು ಕತ್ತರಿ, ಅಂಟು ಬೇಡ, ದಾರ ಬೇಡ. ಹಾಳೆಯನ್ನು ಎಂಟು ಸಮಭಾಗ ಬರುವ ಹಾಗೆ ಮಡಚಿ ಬಿಡಿಸಿ. ಆಮೇಲೆ ಗಿಡ್ಡ ಅಂಚುಗಳು ಸೇರುವಂತೆ ಅರ್ಧಕ್ಕೆ ಮಡಚಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಒಂದು ಚೌಕದಷ್ಟು ಮಾತ್ರ ಕತ್ತರಿಸಿ. ಬಿಡಿಸಿದರೆ ಹಾಳೆಯ ಮಧ್ಯೆ ಒಂದು ಸೀಳು ಕಾಣುತ್ತದೆ. ಈಗ ಉದ್ದಕ್ಕೆ ಮಡಚಿ ಎರಡೂ ತುದಿಯನ್ನು ಒಳಕ್ಕೆ ತಳ್ಳಿ. ಸೀಳು ಬಾಯಿ ತೆರೆದು ನಾಲ್ಕು ರೆಕ್ಕೆ ಆಗುತ್ತದೆ. ಸುತ್ತಿ ಮಡಚಿದರೆ ಎಂಟು ಪುಟದ ಪುಸ್ತಕ. ಕೋಟೆಗೆ ಹೋಗುವಾಗ ನಾನು ಜೇಬಿಗೆ ಹಾಕಿಕೊಳ್ಳುವುದು ಇದನ್ನೇ. ಏಳು ಸುತ್ತಿಗೆ ಏಳು ಪುಟ, ಉಳಿದ ಒಂದು ಪುಟ ರಟ್ಟು.

ಅಂಟಿನ ವಿಷಯ ಬೇಗ ಮುಗಿಸುತ್ತೇನೆ. ಒಂದು ಚಮಚ ಮೈದಾಕ್ಕೆ ಐದು ಚಮಚ ತಣ್ಣೀರು. ಗಂಟಿಲ್ಲದ ಹಾಗೆ ಕಲಸಿಕೊಂಡ ಮೇಲೆಯೇ ಒಲೆಗಿಡಿ, ಸಣ್ಣ ಉರಿಯಲ್ಲಿ ಪಾರದರ್ಶಕ ಆಗುವವರೆಗೆ ತಿರುವಿ. ಎರಡು ಲವಂಗ ಹಾಕಿ. ಎರಡು ದಿನಕ್ಕಿಂತ ಇಡಬೇಡಿ. ಬಟ್ಟೆ, ದಪ್ಪ ಕಾಗದಕ್ಕೆ ಫೆವಿಕಾಲನ್ನು ಸ್ವಲ್ಪ ನೀರಿನಲ್ಲಿ ತೆಳುಮಾಡಿ ಬಳಸುವುದೇ ಒಳ್ಳೆಯದು. ಮೈದಾ ಅಂಟಿನ ಪುಟಗಳಿಗೆ ಜಿರಳೆ ಬರುತ್ತದೆ ಅನ್ನುವುದೂ ನೆನಪಿರಲಿ.

ನನಗೆ ಇದುವರೆಗೆ ನೆಟ್‌ನಲ್ಲಿ ಸಿಕ್ಕಿದ್ದರಲ್ಲಿ ಅತಿ ಇಷ್ಟವಾದದ್ದು ಟೇಪ್ ಹಾಕಿ ಅಕ್ಷರ ಎಬ್ಬಿಸುವುದು. ಜೆರಾಕ್ಸ್ ಯಂತ್ರದ ಟೋನರ್ ಶಾಯಿಯಲ್ಲ, ಪ್ಲಾಸ್ಟಿಕ್ ಬೆರೆತ ಪುಡಿ. ಬಿಸಿಗೆ ಕರಗಿ ಹಾಳೆಯ ಮೇಲೆ ಕೂರುತ್ತದೆ, ನೀರಿಗೆ ಕರಗುವುದಿಲ್ಲ. ಪ್ರಪಂಚದ ಮೊದಲ ಜೆರಾಕ್ಸ್ ಪ್ರತಿ ಬಂದಿದ್ದು 1938ರ ಅಕ್ಟೋಬರ್ 22ರಂದು. ಚೆಸ್ಟರ್ ಕಾರ್ಲ್‌ಸನ್ ಅನ್ನುವವರು ಗಂಧಕ ಬಳಿದ ಸತುವಿನ ತಗಡಿನ ಮೇಲೆ ಪುಡಿ ಉದುರಿಸಿ, ಅದನ್ನು ಮೇಣದ ಕಾಗದಕ್ಕೆ ಒತ್ತಿ ಎಬ್ಬಿಸಿದರು. ಅದರಲ್ಲಿದ್ದದ್ದು ಆ ದಿನದ ತಾರೀಕು ಮತ್ತು ‘ಆಸ್ಟೋರಿಯಾ’ ಅನ್ನುವ ಜಾಗದ ಹೆಸರು, ಅಷ್ಟೇ. ಇಷ್ಟು ವರ್ಷ ಆ ಯಂತ್ರದ ಮುಂದೆ ನಿಂತಿದ್ದೇನೆ. ಪುಡಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಬ್ಬಿಸುವುದೇ ಅದರ ಗುಟ್ಟು ಅಂತ ತಿಳಿದ ದಿನ ಯಂತ್ರವನ್ನು ನೋಡುವ ಕಣ್ಣೇ ಬದಲಾಯಿತು.

ಅಪ್ಪ ಅಂಗಡಿ ಲೆಕ್ಕವನ್ನು ಚೀಟಿಗಳಲ್ಲಿ ಬರೆಯುತ್ತಿದ್ದರು. ‘ಟೋನರ್ 1, ರೀಮ್ 4, ಬಾಕಿ’ ಅಂತ. ಅವರ ‘ಬ’ ಅಕ್ಷರದ ಹೊಟ್ಟೆ ಯಾವಾಗಲೂ ದೊಡ್ಡದು. ಅವರು ಹೋದ ಮೇಲೆ ಡ್ರಾಯರಿನಲ್ಲಿ ಅಂಥ ಒಂಬತ್ತು ಚೀಟಿ ಸಿಕ್ಕವು. ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. ಒಂದು ಅಸಲಿ ಚೀಟಿಯನ್ನೇ ಪುಟಕ್ಕೆ ಅಂಟಿಸಿದೆ. ಅಂಟಿನ ತೇವಕ್ಕೆ ಇಂಕ್ ಪೆನ್ನಿನ ಅಕ್ಷರ ನೀಲಿ ಮಚ್ಚೆಯಾಗಿ ಹರಡಿತು. ಅದನ್ನು ಮತ್ತೆ ತರಲು ಆಗುವುದಿಲ್ಲ. ಮನೆಯ ಹಳೆಯ ಫೋಟೊ, ಪತ್ರ, ಜಾತಕ ಏನೇ ಇರಲಿ, ಅಸಲಿಯನ್ನು ಮುಟ್ಟಬೇಡಿ. ಜೆರಾಕ್ಸ್ ಮಾಡಿಸಿ, ಅದರ ಮೇಲೆ ಕೆಲಸ ಮಾಡಿ.

ಉಳಿದ ಎಂಟನ್ನೂ ಜೆರಾಕ್ಸ್ ಮಾಡಿದೆ. ಅಕ್ಷರದ ಮೇಲೆ ಎರಡು ಇಂಚಿನ ಪಾರದರ್ಶಕ ಪ್ಯಾಕಿಂಗ್ ಟೇಪ್ ಹಚ್ಚಿ. ಗುಳ್ಳೆ ಇರಬಾರದು, ಇದ್ದರೆ ಅಲ್ಲಿ ಅಕ್ಷರ ಏಳುವುದಿಲ್ಲ. ಚಮಚದ ಬೆನ್ನಿನಿಂದ ಎರಡು ನಿಮಿಷ ಚೆನ್ನಾಗಿ ಉಜ್ಜಿ. ಟೇಪಿನ ಅಳತೆಗೆ ಕತ್ತರಿಸಿ ಐದು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಬಿಡಿ. ಆಮೇಲೆ ತಿರುಗಿಸಿ ಹಿಂದಿನ ಹಾಳೆಯನ್ನು ಹೆಬ್ಬೆರಳಿನಿಂದ ಉರುಟುರುಟಾಗಿ ತೀಡಿ. ಕಾಗದ ಶ್ಯಾವಿಗೆಯ ಹಾಗೆ ಸುರುಳಿ ಸುರುಳಿಯಾಗಿ ಬರುತ್ತದೆ. ಉಗುರು ತಾಗಿಸಬೇಡಿ. ಸ್ವಲ್ಪ ಹೊತ್ತಿಗೆ ಬಿಳಿ ಎಲ್ಲ ಹೋಗಿ, ಗಾಜಿನ ಮೇಲೆ ಬರೆದ ಹಾಗೆ ಬರೀ ಅಕ್ಷರ ನಿಲ್ಲುತ್ತದೆ. ಒಣಗಿದಾಗ ಮಂಜು ಕವಿದ ಹಾಗೆ ಕಂಡರೆ ಇನ್ನೂ ಕಾಗದ ಉಳಿದಿದೆ ಅಂತ ಅರ್ಥ, ಮತ್ತೆ ಒದ್ದೆ ಮಾಡಿ ತೀಡಿ. ಅಕ್ಷರ ತಿರುಗಾಮುರುಗಾ ಆಗುವುದಿಲ್ಲ, ಟೇಪಿನ ಮೂಲಕ ನೋಡಿದರೆ ನೇರವಾಗೇ ಇರುತ್ತದೆ. ಬಣ್ಣ ಹಚ್ಚಿದ ಪುಟದ ಮೇಲೆ ಇದನ್ನು ಅಂಟಿಸಿದರೆ ಕೆಳಗಿನ ಬಣ್ಣ ಅಕ್ಷರಗಳ ಸಂದಿಯಿಂದ ಕಾಣುತ್ತದೆ. ನಾನು ಕೆಳಗೆ ಟೀ ಡಿಕಾಕ್ಷನ್ ಬಳಿದಿದ್ದೆ. ಆ ಕಂದು ಬಣ್ಣದ ಮೇಲೆ ಅಪ್ಪನ ‘ಬಾಕಿ’ ಕೂತಿದ್ದನ್ನು ನೋಡುತ್ತಾ ಅವತ್ತು ಅಂಗಡಿ ತೆರೆಯುವುದು ಅರ್ಧ ಗಂಟೆ ತಡವಾಯಿತು.

ಇದಕ್ಕೆ ಜೆರಾಕ್ಸ್ ಅಥವಾ ಲೇಸರ್ ಪ್ರಿಂಟೇ ಆಗಬೇಕು. ಮನೆಯ ಇಂಕ್‌ಜೆಟ್ ಪ್ರಿಂಟ್ ನೀರಿಗೆ ಹಾಕಿದರೆ ಬಣ್ಣ ಬಿಡುತ್ತದೆ. ಗೊತ್ತಾಗದಿದ್ದರೆ ಒಂದು ಮೂಲೆಗೆ ಒದ್ದೆ ಬೆರಳು ಒತ್ತಿ ನೋಡಿ.

ವಿಡಿಯೊಗಳಲ್ಲಿ ಕೇಳುವ ಎಷ್ಟೋ ಸಾಮಾನು ಇಲ್ಲಿ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ‘ಜೆಸ್ಸೊ’ ಅಂತ ಎಲ್ಲರೂ ಹೇಳುತ್ತಾರೆ. ಬಣ್ಣ ಹಾಳೆಯೊಳಗೆ ಇಳಿಯದಂತೆ ಮೊದಲು ಬಳಿಯುವ ಬಿಳಿ ಅದು. ಎರಡು ಚಮಚ ಬಿಳಿ ಅಕ್ರಿಲಿಕ್, ಒಂದು ಚಮಚ ಚಾಕ್‌ಪೀಸ್ ಪುಡಿ, ಒಂದು ಚಮಚ ಫೆವಿಕಾಲ್, ಬೇಕಾದಷ್ಟು ನೀರು. ಪುಡಿಯನ್ನು ಬಟ್ಟೆಯಲ್ಲಿ ಸೋಸಿಕೊಳ್ಳಿ. ನಮ್ಮ ಪುಟಗಳಿಗೆ ಇದು ಸಾಕಾಗಿದೆ. ವಿಡಿಯೊದಲ್ಲಿ ಹೇಳಿದ್ದು ಸಿಗದಿದ್ದಾಗ ಅದರ ಹೆಸರು ಬಿಟ್ಟು, ಅದು ಅಲ್ಲಿ ಯಾವ ಕೆಲಸ ಮಾಡುತ್ತಿದೆ ಅಂತ ನೋಡಿ. ಆ ಕೆಲಸ ಮಾಡುವ ವಸ್ತು ನಮ್ಮ ಸಂತೆಪೇಟೆಯಲ್ಲೇ ಇರುತ್ತದೆ.

ಕೆಲವು ಸಲ ನೆಟ್‌ನಲ್ಲಿ ಸಿಕ್ಕಿದ್ದು ನಮ್ಮ ಅಡುಗೆಮನೆಯದೇ ಆಗಿರುತ್ತದೆ. ಅರಿಶಿನದ ನೀರು ಬಳಿದು ಒಣಗಿಸಿದ ಹಾಳೆಯ ಮೇಲೆ ಸುಣ್ಣದ ತಿಳಿನೀರಿನಲ್ಲಿ ಬರೆದರೆ ಗೆರೆ ಕೆಂಪಾಗುತ್ತದೆ. ವಿದೇಶದ ಮಕ್ಕಳ ವಿಜ್ಞಾನದ ವಿಡಿಯೊ ಒಂದರಲ್ಲಿ ಇದನ್ನು ಸೋಪಿನ ನೀರಿನಲ್ಲಿ ಮಾಡಿ ತೋರಿಸಿದರು. ನೋಡಿದ ಕೂಡಲೇ ಅಮ್ಮ ‘ಇದು ಓಕುಳಿ ಅಲ್ವೇನೇ’ ಅಂದರು. ಹೌದು, ಆರತಿ ತಟ್ಟೆಯ ಓಕುಳಿಯೇ. ಸುಣ್ಣ ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ, ಮಕ್ಕಳಿಗೆ ಹತ್ತಿಯ ಕಡ್ಡಿ ಕೊಡಿ. ಈ ಕೆಂಪು ಬಹಳ ದಿನ ಇರುವುದಿಲ್ಲ, ಗಾಳಿಗೆ ಮಾಸುತ್ತದೆ. ಅರಿಶಿನವೂ ಬಿಸಿಲಿಗೆ ಹೋಗುತ್ತದೆ. ಬರೆದ ದಿನವೇ ಒಂದು ಕಲರ್ ಜೆರಾಕ್ಸ್ ತೆಗೆದು ಪಕ್ಕದಲ್ಲಿ ಅಂಟಿಸಿಬಿಡಿ.

ಎಲೆ, ನಾಣ್ಯ, ಮನೆಯ ಹೊಸ್ತಿಲ ಕೆತ್ತನೆ ಯಾವುದರ ಮೇಲಾದರೂ ಹಾಳೆ ಇಟ್ಟು ಬಳಪ ಉಜ್ಜಬಹುದು. ಕೋಟೆಯ ಕೆತ್ತನೆ, ಚಂದ್ರವಳ್ಳಿಯ ಶಾಸನದ ಮೇಲೆ ಮಾತ್ರ ಬೇಡ. ಅಲ್ಲಿ ಕೂತು ನೋಡಿಕೊಂಡು ಬರೆಯಿರಿ.

ಕೊನೆಗೆ ಹಂಚುವುದು. ಲಿಂಕ್ ಕಳಿಸಿದರೆ ಹಂಚಿದ ಹಾಗಾಗಲಿಲ್ಲ. ಅಂಗೈ ಅಗಲದ ಒಂದು ಕಾರ್ಡ್ ಬರೆಯಿರಿ. ಮಾಡಿದ್ದೇನು, ಅದು ಎಲ್ಲಿ ಸಿಕ್ಕಿತು, ಮೊದಲು ಮಾಡಿದವರ ಹೆಸರು, ಅವರು ಹೇಳಿದ್ದರ ಬದಲು ನಾನು ಏನು ಹಾಕಿದೆ, ಎಷ್ಟು ಹೊತ್ತು ಹಿಡಿಯಿತು, ಎಷ್ಟು ಖರ್ಚಾಯಿತು, ಏನು ಕೆಟ್ಟಿತು. ಇಂಚು, ಕಪ್ ಲೆಕ್ಕವನ್ನು ಸೆಂಟಿಮೀಟರ್, ಚಮ‍ಚಕ್ಕೆ ತಂದು ಬರೆಯಿರಿ. ಕಾರ್ಡಿನ ಹಿಂದೆ ಮಾಡಿದ್ದರ ಒಂದು ಚೂರು ಅಂಟಿಸಿ. ಎಬ್ಬಿಸಿದ ಒಂದು ಅಕ್ಷರ, ನಾಲ್ಕು ಹೊಲಿಗೆ, ಒಂದಿಷ್ಟು ಬಣ್ಣ. ಬೇರೆಯವರು ಅದನ್ನು ಮುಟ್ಟಿ ನೋಡಬಹುದು, ಮೊಬೈಲಿನಲ್ಲಿ ಅದು ಆಗುವುದಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಒಂದು ಚೂರನ್ನು ಟೈಲರ್ ಅಕ್ಕ ಹೀಗೆ ಅಂಟಿಸಿ ಕೊಟ್ಟಿದ್ದರು. ಅಂಚಿನ ಜರಿಯ ಎಳೆಗಳನ್ನು ಬೆರಳಲ್ಲಿ ಎಣಿಸಿಯೇ ಮೇಷ್ಟ್ರು ಅದನ್ನು ಗ್ರಾಫ್ ಹಾಳೆಗೆ ಇಳಿಸಿದರು.

‘ಏನು ಕೆಟ್ಟಿತು’ ಅನ್ನುವ ಜಾಗವನ್ನು ಖಾಲಿ ಬಿಡಬೇಡಿ. ಎಲ್ಲರೂ ಮೊದಲು ಓದುವುದು ಅದನ್ನೇ. ಗೆಳತಿಯ ಮಗಳು ಕಳೆದ ತಿಂಗಳು ತನ್ನ ಮೊದಲ ಕಾರ್ಡ್ ತಂದಳು. ಹಾಳೆಯ ಮೇಲೆ ಕೌದಿಯ ಹೊಲಿಗೆ ಹಾಕಲು ಹೋಗಿದ್ದಳು. ಗುಂಡು ಗುಂಡಾದ ಅಕ್ಷರದಲ್ಲಿ ಆ ಜಾಗದಲ್ಲಿ ಹೀಗೆ ಬರೆದಿದ್ದಳು: ‘ತೂತುಗಳನ್ನು ತುಂಬ ಹತ್ತಿರ ಮಾಡಿದೆ ಆಂಟಿ. ರಸೀದಿ ಪುಸ್ತಕದಿಂದ ರಸೀದಿ ಹರಿದು ಬಂದ ಹಾಗೆ ಪುಟ ಪೂರ್ತಿ ಹರಿದು ಬಂತು. ಅರ್ಧ ಸೆಂಟಿಮೀಟರ್ ಆದರೂ ಬಿಡಬೇಕು. ಹಿಂದೆ ಒಂದು ಬಟ್ಟೆ ಅಂಟಿಸಿ ಹೊಲಿದರೆ ಹರಿಯಲ್ಲ, ಅದನ್ನೂ ಮಾಡಿ ನೋಡಿದೆ, ಹಿಂದೆ ಅಂಟಿಸಿದ್ದೇನೆ.’